ಅಡುಗೆ ಕೋಣೆಯ ಒಣ ಬಟ್ಟೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಲಕ್ಷ್ಮೇಶ್ವರದ ಹಳೆಯ ಓಣಿಯೊಂದರಲ್ಲಿ, ಮಣ್ಣಿನ ಮಾಳಿಗೆಯ ಮೇಲೆ, ದಿಲಶಾದಬಿ ಹಗ್ಗದಿಂದ ಒಂದೊಂದೇ ಬಟ್ಟೆ ಇಳಿಸಿ ಕೆನ್ನೆಗೆ ಒತ್ತಿಕೊಂಡು ನೋಡುತ್ತಿದ್ದಾರೆ. ಬೆರಳಿಗೆ ಒಣಗಿದಂತೆ ಕಂಡ ಬಟ್ಟೆ ಕೆನ್ನೆಗೆ ತಾಗಿದಾಗ ತಣ್ಣಗೆ ಹತ್ತಿದರೆ ಅದು ಮತ್ತೆ ಹಗ್ಗಕ್ಕೇ ಹೋಗುತ್ತದೆ. ಆಷಾಢದ ಗಾಳಿ ಬಟ್ಟೆ ಒಣಗಿಸುವುದರಲ್ಲಿ ಚುರುಕು. ಆದರೆ ಬೆಳಗಿನ ಜಾವ ಜಿನುಗುವ ತುಂತುರು ಆ ಕೆಲಸವನ್ನೆಲ್ಲ ಕೆಡಿಸುತ್ತದೆ. ಇವತ್ತು ಮೂರು ಪ್ಯಾಂಟು, ಒಂದು ಲಂಗ ಪರೀಕ್ಷೆಯಲ್ಲಿ ಪಾಸಾಗಿವೆ. ಎಲ್ಲವೂ ಶಾಲೆಯ ಸಮವಸ್ತ್ರದ ಬಟ್ಟೆಗಳೇ, ಹಲವು ಸಲ ಒಗೆದು ಬಣ್ಣ ಮಾಸಿದಂಥವು.

ಕೆಳಗಿಳಿದು ಬಂದವರು ಅವುಗಳನ್ನು ಗಟ್ಟಿಯಾಗಿ ಸುತ್ತಿ ಬುಟ್ಟಿಯ ತಳದಲ್ಲಿ ಇಡುತ್ತಾರೆ. ಮೇಲೊಂದು ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಕೊತ್ತಂಬರಿ, ಕರಿಬೇವು, ನಾಲ್ಕು ಸಿವುಡು ಮೆಂತ್ಯೆ ಸೊಪ್ಪು. ಬೀದಿಯಲ್ಲಿ ನೋಡಿದವರಿಗೆ ಬಿಸಿಯೂಟದ ಅಡುಗೆಯಾಕೆ ಕಾಯಿಪಲ್ಯ ಒಯ್ಯುತ್ತಿದ್ದಾಳೆ ಎಂದಷ್ಟೇ ಕಾಣುತ್ತದೆ. ಹಾಗೆ ಕಾಣಬೇಕೆಂದೇ ಅವರು ಹಾಗೆ ಜೋಡಿಸುತ್ತಾರೆ. "ಬಟ್ಟಿ ಒಯ್ಯೂದು ಕಂಡ್ರ ಯಾರಿಗಂತ ಕೇಳ್ತಾರ. ಪಲ್ಯಾ ಒಯ್ಯೂದು ಕಂಡ್ರ ರೇಟ್ ಎಷ್ಟಂತ ಕೇಳಿ ಸುಮ್ಮನಾಗತಾರ," ಎನ್ನುತ್ತಾರೆ.

ದಿಲಶಾದಬಿಗೆ ಈಗ ಐವತ್ತರ ಆಸುಪಾಸು. ಊರಿನ ಒಂದು ಸರಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಅಡುಗೆ ಸಹಾಯಕಿ. ಶಾಲೆಯ ಹೆಸರು ಇಲ್ಲಿ ಬರಬಾರದು ಎಂಬುದು ಅವರ ಷರತ್ತು. ಮಕ್ಕಳ ಹೆಸರೂ ಬರಬಾರದು. ಆದ್ದರಿಂದ ಈ ಬರಹದಲ್ಲಿ ಬರುವ ಮಕ್ಕಳ, ಅವರ ಮನೆಯವರ, ಮಾಸ್ತರರ ಹೆಸರುಗಳು ಅವರವಲ್ಲ. ಮುಖ್ಯವಾಗಿ ಬರುವ ಹುಡುಗಿಯನ್ನು ಸೀಮಾ ಎಂದು ಕರೆಯೋಣ.

ಬೆಳಗ್ಗೆ ಮಕ್ಕಳಿಗಿಂತ ಬಹಳ ಮುಂಚೆ ದಿಲಶಾದಬಿ ಶಾಲೆ ಮುಟ್ಟುತ್ತಾರೆ. ಹಾಲಿನ ಪುಡಿ ಕಲಸಿ ಕುದಿಸುವುದು, ಅಕ್ಕಿ ಆರಿಸುವುದು, ಸುಮಾರು ಇನ್ನೂರು ತಟ್ಟೆಗಳಿಗೆ ಅನ್ನ ಸಾರು ಸಿದ್ಧಮಾಡುವುದು, ಮೊಟ್ಟೆಯ ದಿನ ಮೊಟ್ಟೆ ಬೇಯಿಸಿ ಸುಲಿಯುವುದು ಅವರ ಮತ್ತು ಮುಖ್ಯ ಅಡುಗೆಯಾಕೆಯ ಪಾಲಿನ ಕೆಲಸ. ಸಂಬಳವೆನ್ನದೆ ಗೌರವಧನ ಎನ್ನುವ ಆ ಹಣ ತಿಂಗಳುಗಟ್ಟಲೆ ತಡವಾಗಿ ಬರುವುದು ಅವರಿಗೆ ರೂಢಿಯಾಗಿದೆ. ಹಸಿ ನೆಲದ ಮೇಲೆ ನಿಂತು ನಿಂತು ಮೊಣಕಾಲು ಹಿಡಿದುಕೊಂಡಿವೆ. ಆದರೆ ಅಡುಗೆ ಕೋಣೆಯ ಮೂಲೆಯಲ್ಲಿ, ಬೇಳೆ ಡಬ್ಬಿಗಳ ಸಾಲಿನ ಕೊನೆಯಲ್ಲಿ, ಬೇಳೆಯಿಲ್ಲದ ಒಂದು ದೊಡ್ಡ ತಗಡಿನ ಡಬ್ಬಿ ಇದೆ. ಬುಟ್ಟಿಯ ತಳದ ಬಟ್ಟೆಗಳು ಮೊದಲು ಅದರೊಳಗೆ ಹೋಗಬೇಕು. ಆಮೇಲೆಯೇ ಹಾಲಿಗೆ ಬೆಂಕಿ.

ಆ ಡಬ್ಬಿ ಯಾರಿಗಾಗಿ? ಒಂದನೆಯ, ಎರಡನೆಯ ಇಯತ್ತೆಯ ಪುಟ್ಟ ಮಕ್ಕಳಿಗಾಗಿ ಎಂದು ಯಾರಾದರೂ ಊಹಿಸುತ್ತಾರೆ. ಅವರಿಗೂ ಹೌದು. ಆದರೆ ಪುಟ್ಟವರು ಬಟ್ಟೆ ಒದ್ದೆ ಮಾಡಿಕೊಂಡರೆ ಅಳುತ್ತಾರೆ, ಅಕ್ಕನೋ ಅಣ್ಣನೋ ಮನೆಗೆ ಕರೆದೊಯ್ಯುತ್ತಾರೆ, ಮರುದಿನ ಮರೆತಿರುತ್ತಾರೆ. ಡಬ್ಬಿಯಲ್ಲಿ ಹೆಚ್ಚಾಗಿ ಇರುವುದು ಐದು, ಆರು, ಏಳನೆಯ ಇಯತ್ತೆಯವರ ಅಳತೆಯ ಬಟ್ಟೆ. ಹತ್ತು ವರ್ಷ ದಾಟಿದ, ಹನ್ನೆರಡು ತುಂಬಿದ ಮಕ್ಕಳಲ್ಲೂ ಹಗಲು ಹೊತ್ತಿನಲ್ಲೇ, ತರಗತಿಯಲ್ಲೇ ಮೂತ್ರ ಜಾರಿಹೋಗುವುದು ನಾವು ತಿಳಿದಷ್ಟು ಅಪರೂಪವಲ್ಲ. ಅದು ಸೋಮಾರಿತನವಲ್ಲ, ಹಟವಲ್ಲ, ಬುದ್ಧಿ ಕಡಿಮೆಯಾದ ಲಕ್ಷಣವಂತೂ ಅಲ್ಲ. ದಿನವಿಡೀ ತಡೆಹಿಡಿಯುವ ರೂಢಿಯಾದ ಮಗುವಿನಲ್ಲಿ, ಮೂತ್ರಚೀಲ ತುಂಬಿದ ಸುದ್ದಿ ಮಿದುಳಿಗೆ ಮುಟ್ಟುವ ಹೊತ್ತಿಗೆ ಕಾಲ ಮೀರಿರುತ್ತದೆ. ಮಲಬದ್ಧತೆ ಇದ್ದರೆ ತುಂಬಿದ ಕರುಳು ಪಕ್ಕದಿಂದ ಚೀಲವನ್ನು ಒತ್ತುತ್ತದೆ. ಕೆಲವರಿಗೆ ಜೋರಾಗಿ ನಕ್ಕರೆ ಸಾಕು. ಮಗು ತಡೆಹಿಡಿಯುವುದೇಕೆ ಎಂಬ ಪ್ರಶ್ನೆಗೆ ಉತ್ತರ ಹುಡುಕಲು ದೂರ ಹೋಗಬೇಕಿಲ್ಲ. ಬಹುತೇಕ ಶಾಲೆಗಳ ಹಿತ್ತಿಲಿಗೆ ಹೋದರೆ ಸಾಕು.

ಈ ಶಾಲೆಯಲ್ಲೂ ಶೌಚಾಲಯಕ್ಕೆ ಬೀಗ ಇತ್ತು. ಹೊಲಸಾಗಬಾರದೆಂದು ಹಾಕಿದ ಬೀಗ. ಬೇಕಾದವರು ಕಚೇರಿಗೆ ಹೋಗಿ ಕೀಲಿಕೈ ಕೇಳಬೇಕು. ಸಣ್ಣವರು ಕಿರುಬೆರಳು ತೋರಿಸಿ ಓಡುತ್ತಿದ್ದರು. ದೊಡ್ಡ ಹುಡುಗಿಯರು ಕಿರುಬೆರಳು ಎತ್ತಲು ನಾಚಿ, ಸಂಜೆಯವರೆಗೆ ಕಾಲು ಬಿಗಿಹಿಡಿದು ಕೂರುತ್ತಿದ್ದರು.

ದಿಲಶಾದಬಿಗೆ ಇದು ಕಣ್ಣಿಗೆ ಬೀಳಲು ಕಾರಣ ಅವರ ಮನೆಯ ಕಸುಬು. ಗಂಡ ಖಾಸಿಂಸಾಬ ಗಾದಿ ಮಾಡುವವರು. ಹತ್ತಿ ಹಿಂಜಿ, ಹೊಸ ಗಾದಿ ಹೊಲಿದುಕೊಡುವುದಷ್ಟೇ ಅಲ್ಲ; ಹಳೆಯ ಗಾದಿ ಬಿಚ್ಚಿ, ಗಂಟುಕಟ್ಟಿದ ಹತ್ತಿಯನ್ನು ಮತ್ತೆ ಹಿಂಜಿ ಅದೇ ಮನೆಗೆ ಮರಳಿಸುವುದು ಅವರ ದಿನದ ದುಡಿಮೆ. ಹಾಗೆ ಬರುವ ಗಾದಿಗಳಲ್ಲಿ ನಡುಭಾಗ ಕೊಳೆತು ಹಳದಿಯಾದವು ಎಷ್ಟೋ. ಯಾವ ಮನೆಯಲ್ಲಿ ಯಾವ ಮಗುವಿನ ಹಾಸಿಗೆ ಇನ್ನೂ ಒದ್ದೆಯಾಗುತ್ತದೆ ಎಂದು ಊರಿನಲ್ಲಿ ಬೇರೆ ಯಾರಿಗೂ ಗೊತ್ತಿಲ್ಲದಿದ್ದರೂ ಗಾದಿಯವರಿಗೆ ಗೊತ್ತು. "ಹತ್ತಿ ವಾಸನಿ ಎಲ್ಲಾ ಹೇಳತೈತ್ರಿ. ನಾವು ಹೇಳಂಗಿಲ್ಲ. ಹೇಳಿದ್ರ ನಾಳಿ ಯಾರ ಗಾದಿ ತರ್ತಾರ?" ಎಂದು ಖಾಸಿಂಸಾಬ ಹಿಂಜುವ ಮಷಿನ್ನಿನ ಸದ್ದಿನ ನಡುವೆ ದನಿ ಎತ್ತಿ ಹೇಳುತ್ತಾರೆ. ಮದುವೆಯಾಗಿ ಬಂದಾಗಿನಿಂದ ಆ ಮೌನ ಹೆಂಡತಿಗೂ ರೂಢಿಯಾಗಿದೆ.

ಕೆಲವು ವರ್ಷಗಳ ಹಿಂದೆ ಊಟದ ಹೊತ್ತಿನಲ್ಲಿ ಒಬ್ಬ ಹುಡುಗಿ ತಟ್ಟೆ ಹಿಡಿದು ಬರಲೇ ಇಲ್ಲ. ತರಗತಿಯ ಗೋಡೆಗೆ ಬೆನ್ನು ಹಚ್ಚಿ ಕೂತಿದ್ದವಳನ್ನು ದಿಲಶಾದಬಿ ಏನೂ ಕೇಳಲಿಲ್ಲ. ವಾಸನೆಯೇ ಹೇಳಿತ್ತು. ಮನೆಗೆ ಓಡಿ, ಮಗಳ ಹಳೆಯ ಚೂಡಿದಾರದ ಪ್ಯಾಂಟು ತಂದು ಕೊಟ್ಟರು. ಮುಂದಿನ ವಾರ ಮತ್ತೊಬ್ಬರಿಗೆ ಬೇಕಾಯಿತು. ಆಮೇಲೆ ಏಳನೆಯದು ಮುಗಿಸಿ ಹೈಸ್ಕೂಲಿಗೆ ಹೋಗುವ ಮಕ್ಕಳ ಮನೆಗಳಿಗೆ ಹೋಗಿ ಹಳೆಯ ಸಮವಸ್ತ್ರ ಕೇಳಿ ತರತೊಡಗಿದರು. ಡಬ್ಬಿ ತುಂಬಿದ್ದು ಹೀಗೆ.

ಎಲ್ಲವೂ ಸರಿಯಾಗಿಯೇ ನಡೆದಿತ್ತು, ಕಳೆದ ವರ್ಷದವರೆಗೆ. ತಪ್ಪಾದದ್ದು ಎಲ್ಲಿ ಎಂದು ದಿಲಶಾದಬಿ ಮುಚ್ಚಿಡುವುದಿಲ್ಲ.

ಒಯ್ದ ಬಟ್ಟೆಗಳು ಮರಳಿ ಬರುತ್ತಿರಲಿಲ್ಲ. ಮಕ್ಕಳ ತಪ್ಪಲ್ಲ; ಸರಕಾರ ಕೊಡುವ ಸಮವಸ್ತ್ರ ಎಲ್ಲರದೂ ಒಂದೇ ಬಣ್ಣ, ಒಂದೇ ಹೊಲಿಗೆ. ಮನೆಯಲ್ಲಿ ಅಣ್ಣತಮ್ಮಂದಿರ ಬಟ್ಟೆಯೊಳಗೆ ಸೇರಿಹೋದರೆ ತಾಯಿಗೂ ಗುರುತು ಹತ್ತುತ್ತಿರಲಿಲ್ಲ. ಆಗ ಅವರು ಗಾದಿಯವರು ಮಾಡುವ ಕೆಲಸವನ್ನೇ ಮಾಡಿದರು. ಹಿಂಜಲು ಬಂದ ಒಬ್ಬರ ಹತ್ತಿ ಇನ್ನೊಬ್ಬರಿಗೆ ಹೋಗಬಾರದೆಂದು ಖಾಸಿಂಸಾಬ ಪ್ರತಿ ಗಾದಿಯ ಮೂಲೆಗೂ ಬಣ್ಣದ ದಾರದಿಂದ ಗುರುತು ಹೊಲಿಯುತ್ತಾರೆ. ಓಣಿಗೊಂದು ಬಣ್ಣ, ಮನೆಗೊಂದು ಬಗೆಯ ಹೊಲಿಗೆ. ಗುರುತಿಲ್ಲದ ವಸ್ತು ಅವರ ಮನೆಯ ಹೊಸ್ತಿಲು ದಾಟುವುದಿಲ್ಲ. ಅದೇ ಅಭ್ಯಾಸದಲ್ಲಿ ದಿಲಶಾದಬಿ ಡಬ್ಬಿಯ ಅಷ್ಟೂ ಬಟ್ಟೆಗಳ ಅಂಚಿನ ಒಳಮಡಿಕೆಗೆ ಗಾದಿಯ ಕೆಂಪು ದಾರದಿಂದ ನಾಲ್ಕು ಹೊಲಿಗೆ ಹಾಕಿದರು. ಒಳಗಡೆ ಇರುವುದರಿಂದ ಯಾರಿಗೂ ಕಾಣದು ಎಂದುಕೊಂಡರು.

ನಿಂತಾಗ ಕಾಣುತ್ತಿರಲಿಲ್ಲ, ನಿಜ. ಆದರೆ ಬಿಸಿಯೂಟಕ್ಕೆ ಮಕ್ಕಳು ಸಾಲಾಗಿ ಚಕ್ಕಳಮಕ್ಕಳ ಹಾಕಿ ಕೂರುತ್ತಾರೆ. ಕಾಲು ಮಡಿಸಿದಾಗ ಪ್ಯಾಂಟಿನ ಅಂಚು ಮೇಲೆ ಸರಿದು ತಿರುವುತ್ತದೆ. ಬೆಳಗ್ಗೆ ಇಲ್ಲದ ಕೆಂಪು ದಾರ ಮಧ್ಯಾಹ್ನ ಯಾರ ಕಾಲ ಬಳಿ ಕಾಣುತ್ತದೆ ಎಂದು ಲೆಕ್ಕ ಹಾಕಲು ಮಕ್ಕಳಿಗೆ ಬಹಳ ದಿನ ಬೇಕಾಗಲಿಲ್ಲ.

ಸೀಮಾ ಆಗ ಏಳನೆಯ ಇಯತ್ತೆ. ಓದಿನಲ್ಲಿ ಮುಂದು, ಓಟದಲ್ಲಿ ಇನ್ನೂ ಮುಂದು. ಆದರೆ ವಾರಕ್ಕೆ ಎರಡು ಮೂರು ಸಲವಾದರೂ ಅವಳಿಗೆ ಡಬ್ಬಿಯ ಬಟ್ಟೆ ಬೇಕಾಗುತ್ತಿತ್ತು. ಆಗಸ್ಟಿನ ಒಂದು ಮಧ್ಯಾಹ್ನ ಊಟದ ಸಾಲಿನಲ್ಲಿ ಎದುರಿಗೆ ಕೂತ ಹುಡುಗ ಅವಳ ಕಾಲ ಕಡೆ ಬೆರಳು ಮಾಡಿ ಪಕ್ಕದವನಿಗೆ ಏನೋ ಹೇಳಿದ. ನಗು ಸಾಲಿನುದ್ದಕ್ಕೂ ಹರಿಯಿತು. ಮರುದಿನದಿಂದ ಅವಳ ಹೆಸರು ಕೆಂಪು ದಾರದಾಕಿ. ಮೂರನೆಯ ದಿನ ಅವಳು ಹಲ್ಲಿನಿಂದ ದಾರ ಕಿತ್ತಳು, ಬಟ್ಟೆ ಹರಿಯಿತು, ಅದನ್ನು ಅಡುಗೆ ಕೋಣೆಯ ಹೊಸ್ತಿಲ ಮೇಲೆ ಎಸೆದು ಹೋದವಳು ಮತ್ತೆ ಶಾಲೆಗೆ ಬರಲಿಲ್ಲ.

ದಿಲಶಾದಬಿ ಆ ಹರಿದ ಪ್ಯಾಂಟನ್ನು ಮನೆಗೆ ತಂದು ಗಂಡನ ಮುಂದೆ ಹಾಸಿದರು. ಖಾಸಿಂಸಾಬ ನೋಡಿ, ಹೊಲಿಗೆ ಗಟ್ಟಿ ಬಿದ್ದಿತ್ತು ಎಂದಷ್ಟೇ ಅಂದರು. ಹೆಂಡತಿಗೆ ಅವತ್ತು ಆ ಮಾತು ಬಹಳ ಚುಚ್ಚಿತು.

ವಾರ ಕಳೆದ ಮೇಲೆ ಅವರು ಸೀಮಾಳ ಮನೆಗೆ ಹೋದರು. ಅವಳ ತಂದೆ ಗವಿಸಿದ್ದಪ್ಪ ಟಂಟಂ ಆಟೊ ಓಡಿಸುವವರು. ಲಕ್ಷ್ಮೇಶ್ವರದಿಂದ ಶಿರಹಟ್ಟಿ, ಗದಗು, ಸಂತೆ ಇದ್ದರೆ ಮುಂಡರಗಿಯವರೆಗೂ ಬಾಡಿಗೆ ಹೊಡೆಯುತ್ತಾರೆ. ಕುಂಡ್ರಿ ಅಕ್ಕಾರ ಎಂದು ಚಾಪೆ ಹಾಸಿ, ಚಹಾ ಹೇಳಿ, ಆಮೇಲೆ ತಾವು ತೀರ್ಮಾನಿಸಿದ್ದನ್ನು ಹೇಳಿದರು. ದಸರೆ ಮುಗಿದ ಮೇಲೆ ಮಗಳನ್ನು ಸೊರಟೂರಿನಲ್ಲಿರುವ ತಂಗಿಯ ಮನೆಗೆ ಬಿಡುತ್ತಾರೆ. ಅಲ್ಲಿ ಹೊಲಮನೆ ಕೆಲಸಕ್ಕೆ ಕೈಯಾಗುತ್ತಾಳೆ. ಶಾಲೆಯ ಮಾತು ಮುಗಿಯಿತು.

"ಹೊಡದು ನೋಡೀನಿ, ಬೈದು ನೋಡೀನಿ, ಮುಂಜಾನಿಯಿಂದ ಒಂದ ಹನಿ ನೀರು ಕುಡೀಲಾರದಂಗ ಕಾಯ್ದು ನೋಡೀನಿ," ಎಂದರು ಗವಿಸಿದ್ದಪ್ಪ. "ಮತ್ತೇನು ಮಾಡ್ಲಿ ಹೇಳ್ರಿ ಅಕ್ಕಾರ."

ನೀರು ಕಡಿಮೆ ಮಾಡುವ ಉಪಾಯ ಅವರೊಬ್ಬರದಲ್ಲ. ದಿಲಶಾದಬಿಯೂ ಅದನ್ನೇ ನಂಬಿದ್ದರು. ಹಾಲು ಕೊಡುವಾಗ ಸೀಮಾಳ ಲೋಟ ಅರ್ಧಕ್ಕೇ ನಿಲ್ಲಿಸುತ್ತಿದ್ದರು. ಅವತ್ತು ಅವರು ತಪ್ಪಾಯಿತೆಂದು ಹೇಳಿ ಹೋಗಲು ಬಂದವರು. ಹುಡುಗಿ ಒಳಬಾಗಿಲ ಹಿಂದೆ ನಿಂತಿದ್ದಳು. ತಪ್ಪಾಯಿತು ಎಂದು ಆ ಬಾಗಿಲಿಗೇ ಹೇಳಿದರು.

ಬಾಗಿಲ ಹಿಂದಿನಿಂದ ಬಂದ ಮಾತನ್ನು ದಿಲಶಾದಬಿ ಇಂದಿಗೂ ಅಕ್ಷರ ಬಿಡದೆ ಹೇಳುತ್ತಾರೆ. "ಚಾಚಿ, ನೀವು ಬಟ್ಟಿ ಕೊಡಲಾರದ ಬಿಟ್ಟಿದ್ರ ಛಲೋ ಇತ್ತು. ಹಸೀ ಪ್ಯಾಂಟಿನ್ಯಾಗ ಮನಿಗೆ ಬಂದಿದ್ರ ಅವತ್ತೊಂದ ದಿನ ನಗತಿದ್ರು. ಈಗ ದಿನಾ ನಗತಾರ."

ದಾರವನ್ನೆಲ್ಲ ಕಿತ್ತುಬಿಡುತ್ತೇನೆ ಎಂದರು ಇವರು.

"ಕಿತ್ರ ತೂತು ಕಾಣ್ತಾವ. ಹಾಕೂದಿದ್ರ ಎಲ್ಲಾರ ಬಟ್ಟಿಗೂ ಹಾಕ್ರಿ. ಅವತ್ತ ಬರ್ತೀನಿ."

ಹುಡುಗಿ ಹಾಗೆಂದದ್ದು ಮಾತು ಮುಗಿಸಲಿಕ್ಕೆ. ಆಗದ ಕೆಲಸ ಹೇಳಿ ಬಂದವರನ್ನು ಕಳಿಸುವ ರೀತಿ ಅದು. ಆದರೆ ದಿಲಶಾದಬಿ ಚಹಾ ಕುಡಿಯುತ್ತ ಅದನ್ನು ಕೆಲಸವೆಂದೇ ಲೆಕ್ಕ ಹಾಕಿದರು. ಇನ್ನೂರು ಮಕ್ಕಳು, ಒಬ್ಬೊಬ್ಬರಿಗೆ ಎರಡು ಜೊತೆ ಬಟ್ಟೆ. ಗಾದಿಯ ಮನೆಯಲ್ಲಿ ದಾರಕ್ಕೆ ಬರವಿಲ್ಲ. ಎದ್ದು ಹೊರಡುವಾಗ ಗವಿಸಿದ್ದಪ್ಪನವರಿಗೆ ಒಂದೇ ಮಾತು ಕೇಳಿದರು: ದಸರೆಯವರೆಗೆ ತಡೀತೀರಾ? ಅವರು ತಡೆಯುತ್ತೇನೆಂದರು.

ವಿಜ್ಞಾನ ಹೇಳುವ ಅಂಬರೀಶ ಮಾಸ್ತರರು ಸೀಮಾಳ ವರ್ಗಶಿಕ್ಷಕರು. ಹಾಜರಿ ಕರೆಯುವಾಗ ದಿನವೂ ಅವಳ ಹೆಸರಿಗೆ ಬಂದು ತಡವರಿಸುತ್ತಿದ್ದವರು. ದಿಲಶಾದಬಿ ಅವರ ಮುಂದೆ ಎಲ್ಲವನ್ನೂ ಹೇಳಿದರು. ಮಾಸ್ತರರಿಗೆ ವಿಷಯ ಗೊತ್ತಿತ್ತು. ಗಂಡಸಾದ ತಾನು ದೊಡ್ಡ ಹುಡುಗಿಯೊಂದಿಗೆ ಈ ಮಾತು ತೆಗೆಯುವುದು ಹೇಗೆಂದು ತಿಳಿಯದೆ ಸುಮ್ಮನಿದ್ದರು. ಅವರು ಎರಡು ಕೆಲಸ ಮಾಡಿದರು. ಗದಗಿನ ಒಬ್ಬ ಮಕ್ಕಳ ವೈದ್ಯೆಯ ಹತ್ತಿರ ಸೀಮಾಳನ್ನು ತೋರಿಸುವ ಏರ್ಪಾಡು ಮಾಡಿದರು. ಎರಡನೆಯದು, ಮುಖ್ಯೋಪಾಧ್ಯಾಯರೊಂದಿಗೆ ಅರ್ಧ ದಿನ ವಾದ ಮಾಡಿ ಶೌಚಾಲಯದ ಬೀಗ ತೆಗೆಸಿದರು. ಹೊಲಸಾದರೆ ಯಾರು ತೊಳೆಯಬೇಕು ಎಂಬ ಪ್ರಶ್ನೆ ಬಂದಾಗ ದಿಲಶಾದಬಿ ನಾನು ತೊಳೆಯುತ್ತೇನೆ ಎಂದು ಕೈ ಎತ್ತಿದರು. ಅದು ಅವರ ಕೆಲಸವಲ್ಲ. ಈಗ ಮಕ್ಕಳ ಊಟ ಮುಗಿದು, ಪಾತ್ರೆ ತೊಳೆದಾದ ಮೇಲೆ, ಬೇರೆ ಸೀರೆ ಉಟ್ಟು ಅದನ್ನೂ ಮಾಡುತ್ತಾರೆ.

ಗದಗಿಗೆ ಹೋದದ್ದು ಗವಿಸಿದ್ದಪ್ಪನವರ ಟಂಟಂನಲ್ಲೇ. ಹಿಂದೆ ಸೀಮಾ ಮತ್ತು ದಿಲಶಾದಬಿ. ವೈದ್ಯೆ ಹೊಟ್ಟೆ ಒತ್ತಿ ನೋಡಿ, ಮೂತ್ರ ಪರೀಕ್ಷೆ ಮಾಡಿಸಿ, ಮೊದಲು ಕೇಳಿದ್ದು ಸಂಡಾಸಕ್ಕೆ ಎಷ್ಟು ದಿನಕ್ಕೊಮ್ಮೆ ಹೋಗುತ್ತೀ ಎಂದು. ಹುಡುಗಿ ನೆಲ ನೋಡುತ್ತ ನಾಲ್ಕು ದಿನ ಎಂದಳು. ತಂದೆಗೆ ಅದು ಗೊತ್ತೇ ಇರಲಿಲ್ಲ. ವೈದ್ಯೆ ಒಂದು ಹಾಳೆಯ ಮೇಲೆ ಕರುಳು, ಚೀಲ ಎರಡನ್ನೂ ಬರೆದು, ಒಂದು ಇನ್ನೊಂದನ್ನು ಹೇಗೆ ಒತ್ತುತ್ತದೆ ಎಂದು ತೋರಿಸಿದರು. ನೀರು ನಿಲ್ಲಿಸಿದ್ದೇ ದೊಡ್ಡ ತಪ್ಪು ಎಂದರು: ಕುಡಿಯುವುದು ಕಡಿಮೆಯಾದರೆ ಮೂತ್ರ ದಟ್ಟವಾಗಿ ಚೀಲವನ್ನು ಕೆರಳಿಸುತ್ತದೆ, ಮಲವೂ ಗಟ್ಟಿಯಾಗುತ್ತದೆ. ಔಷಧಿ ಕೊಟ್ಟರು. ನೀರು ಕುಡಿಯಬೇಕು, ಎರಡು ತಾಸಿಗೊಮ್ಮೆ ಬಂದರೂ ಬರದಿದ್ದರೂ ಹೋಗಿ ಕೂರಬೇಕು, ಅವಸರ ಮಾಡಬಾರದು, ಬೈಯಬಾರದು. ತಿಂಗಳುಗಟ್ಟಲೆ ಹಿಡಿಯುತ್ತದೆ, ಆದರೆ ಸರಿಹೋಗುತ್ತದೆ ಎಂದರು.

ಮರಳಿ ಬರುವಾಗ ಗವಿಸಿದ್ದಪ್ಪ ದಾರಿಯಲ್ಲಿ ಗಾಡಿ ನಿಲ್ಲಿಸಿ ಮಗಳಿಗೆ ನೀರಿನ ಬಾಟಲಿ ಕೊಡಿಸಿದರು. ಅವಳು ಅದನ್ನು ಪೂರ್ತಿ ಕುಡಿದಳು.

ಹೀಗೆ ಚಿಕಿತ್ಸೆಯ ದಾರಿ ತೆರೆಯಿತು. ಆದರೆ ಶಾಲೆಯ ದಾರಿ ದಾರದಲ್ಲೇ ಸಿಕ್ಕಿಕೊಂಡಿತ್ತು. ಎಲ್ಲರ ಬಟ್ಟೆಗೂ ಗುರುತು ಹಾಕಿಕೊಡುತ್ತೇನೆ, ಕಳೆಯುವುದಿಲ್ಲ ಎಂದು ದಿಲಶಾದಬಿ ಸಾರಿದರೂ ಒಬ್ಬರೂ ಹತ್ತಿರ ಬರಲಿಲ್ಲ. ಆ ದಾರ ಯಾವುದರ ದಾರ ಎಂದು ಈಗ ಒಂದನೆಯ ಇಯತ್ತೆಯವರಿಗೂ ಗೊತ್ತಿತ್ತು. ಬೇರೆ ಬಣ್ಣ ಹಾಕಬಹುದಿತ್ತಲ್ಲ ಎಂದರೆ ಅವರು ತಲೆ ಅಲ್ಲಾಡಿಸುತ್ತಾರೆ. "ಹಸರ ಹಾಕಿದ್ರ ಹಸರು ಬ್ಯಾರೆ, ಕೆಂಪು ಬ್ಯಾರೆ ಆಗತಿತ್ತು. ಆಕಿದು ಕೆಂಪ. ಕೆಂಪನ್ನ ಎಲ್ಲಾರಿಗೂ ಹಾಕಬೇಕಿತ್ತು."

ದಾರಿ ಮಾಡಿಕೊಟ್ಟದ್ದು ಕಬಡ್ಡಿ. ಸೆಪ್ಟೆಂಬರಿನಲ್ಲಿ ಶಾಲೆಯ ಹುಡುಗರ ತಂಡ ಶಿರಹಟ್ಟಿಗೆ ಆಡಲು ಹೋಗುವುದಿತ್ತು. ಹಿಂದಿನ ವರ್ಷ ಇದೇ ತಂಡ ಹೋದಾಗ ಎಲ್ಲ ಶಾಲೆಯ ಹುಡುಗರೂ ಸಮವಸ್ತ್ರ ಕಳಚಿ ಒಂದೇ ಕಾಂಪೌಂಡು ಗೋಡೆಯ ಮೇಲೆ ಹಾಕಿ ಆಡಿದ್ದರು. ಆಟ ಮುಗಿದ ಮೇಲೆ ಯಾರ ಪ್ಯಾಂಟು ಯಾರಿಗೋ. ತಂಡದ ನಾಯಕ ತಾರೀಖ, ಊಟದ ಸಾಲಿನಲ್ಲಿ ಸೀಮಾಳ ಕಾಲ ಕಡೆ ಬೆರಳು ಮಾಡಿದವನೇ, ಬೆಳ್ಳಟ್ಟಿ ಶಾಲೆಯ ಯಾವನೋ ಸಣ್ಣ ಹುಡುಗನ ಪ್ಯಾಂಟು ತೊಟ್ಟು ಬಂದಿದ್ದ. ಅದು ಅವನ ಮೊಣಕಾಲಿಗೇ ನಿಂತಿತ್ತು, ತಿಂಗಳಿಡೀ ಮನೆಯಲ್ಲಿ ಬೈಸಿಕೊಂಡಿದ್ದ. ಈ ಸಲ ಹೊರಡುವ ಮುಂಚೆ ಅಂಬರೀಶ ಮಾಸ್ತರರು ತಂಡವನ್ನು ಅಡುಗೆ ಕೋಣೆಯ ಕಟ್ಟೆಯ ಮುಂದೆ ನಿಲ್ಲಿಸಿದರು. ತಾರೀಖ ಆ ದಾರ ಬೇಡವೆಂದ.

"ಬ್ಯಾಡಂದ್ರ ಬಿಡು," ಎಂದರು ಮಾಸ್ತರರು. "ಬೆಳ್ಳಟ್ಟಿ ಹುಡುಗ ನಿನ್ನ ಪ್ಯಾಂಟಿನ ಸಲುವಾಗಿ ಕಾಯಾಕತ್ಯಾನ."

ಹುಡುಗರು ನಕ್ಕರು. ತಾರೀಖ ಕಟ್ಟೆಯ ಮೇಲೆ ಕಾಲು ಚಾಚಿ ಕೂತ. ಖಾಸಿಂಸಾಬ ಅವತ್ತು ಅಂಗಡಿ ಮುಚ್ಚಿ ಹೆಂಡತಿಗೆ ನೆರವಾಗಲು ಬಂದಿದ್ದರು. ಗಾದಿಯ ದಬ್ಬಣ ಇಲ್ಲಿ ನಡೆಯುವುದಿಲ್ಲ. ಸಣ್ಣ ಸೂಜಿ ಹಿಡಿದು ಅಭ್ಯಾಸವಿಲ್ಲದ ಬೆರಳು. ಗಾದಿ ಅಲುಗಾಡುವುದಿಲ್ಲ, ಈ ಪ್ಯಾಂಟಿನೊಳಗೆ ಹುಡುಗರು ಇದ್ದಾರೆ ಎಂದು ಗೊಣಗುತ್ತಲೇ ಹೊಲಿದರು. ಒಳಮಡಿಕೆಯಲ್ಲಿ ಬೇಡ, ಹೊರಗೆ ಕಾಣುವಂತೆ ಹಾಕಿ ಎಂದು ಹೇಳಿದ್ದು ದಿಲಶಾದಬಿ.

ತಂಡ ಎರಡನೆಯ ಆಟದಲ್ಲಿ ಸೋತಿತು. ಆದರೆ ಪ್ಯಾಂಟುಗಳು ಒಂದೂ ತಪ್ಪದೆ ಮರಳಿದವು. ಸೋತು ಬಂದರೂ ಕಬಡ್ಡಿಯವರು ಕಬಡ್ಡಿಯವರೇ. ಸೋಮವಾರ ಐದನೆಯ ಇಯತ್ತೆಯ ಹುಡುಗರು, ಕಬಡ್ಡಿ ಅಣ್ಣನ ಪ್ಯಾಂಟಿಗಿರುವ ದಾರ ತಮಗೂ ಬೇಕೆಂದು ಕಟ್ಟೆಗೆ ಬಂದು ನಿಂತರು. ಬುಧವಾರದ ಹೊತ್ತಿಗೆ ಹುಡುಗಿಯರ ಸಾಲು. ನನಗೆ ಮೊದಲು, ನಿನಗೆ ಮೊದಲು ಎಂಬ ಜಗಳ ಬಿಡಿಸಲು ಮುಖ್ಯ ಅಡುಗೆಯಾಕೆ ಸೌಟು ಹಿಡಿದು ನಿಲ್ಲಬೇಕಾಯಿತು. ಶನಿವಾರಗಳ ಅರ್ಧ ದಿನದ ಶಾಲೆ ಮುಗಿದ ಮೇಲೆ ಗಂಡ ಹೆಂಡತಿ ಇಬ್ಬರೂ ಕಟ್ಟೆಯ ಮೇಲೆ ಕೂತು ಹೊಲಿದರು. ಒಂದೆರಡು ಮನೆಗಳಿಂದ ಆಕ್ಷೇಪವೂ ಬಂತು, ಹೊಸ ಬಟ್ಟೆಗೆ ಇದೇನು ಮಾಡಿದ್ದೀರಿ ಎಂದು. ಒಂದು ಸಮವಸ್ತ್ರ ಕಳೆದು ಹುಡುಕಿದ ತಾಯಂದಿರೇ ಅವರಿಗೆ ಉತ್ತರ ಹೇಳಿದರು.

ದಸರೆಯ ರಜೆ ಮುಗಿಯುವ ಹಿಂದಿನ ದಿನ ದಿಲಶಾದಬಿ ಸೂಜಿ ದಾರ ಸೆರಗಿನ ತುದಿಗೆ ಕಟ್ಟಿಕೊಂಡು ಸೀಮಾಳ ಮನೆಗೆ ಹೋದರು. ಸೊರಟೂರಿಗೆ ಒಯ್ಯುವ ಚೀಲ ಕಟ್ಟಿ ಗೋಡೆಗೆ ಒರಗಿಸಿತ್ತು. ಈ ಸಲ ಹುಡುಗಿ ಬಾಗಿಲ ಹಿಂದೆ ಹೋಗಲಿಲ್ಲ; ಎದುರಿಗೇ ಕೂತಳು.

"ಎಲ್ಲಾರಿಗೂ ಹಾಕಿದ್ರೇನು?" ಎಂದು ಕೇಳಿದಳು.

"ಎಲ್ಲಾರಿಗೂ."

"ತಾರೀಖಗ?"

"ಅವಗ ಎಲ್ಲಾರಕ್ಕಿಂತ ಮೊದಲ. ನಿಂದೊಂದ ಉಳದೈತಿ."

ಸೀಮಾ ಒಳಗೆ ಹೋಗಿ, ಕಟ್ಟಿದ ಚೀಲದ ಬಾಯಿ ಬಿಚ್ಚಿ, ಅಡಿಯಿಂದ ತನ್ನ ಸಮವಸ್ತ್ರದ ಪ್ಯಾಂಟು ತೆಗೆದುಕೊಟ್ಟಳು. ಶಾಲೆ ಬಿಟ್ಟು ಸೊರಟೂರಿಗೆ ಹೊರಟವಳ ಚೀಲದಲ್ಲಿ ಅದು ಏಕಿತ್ತು ಎಂದು ಯಾರೂ ಕೇಳಲಿಲ್ಲ. ಗವಿಸಿದ್ದಪ್ಪ ಹೊರಗೆ ಹೋಗಿ ಗಾಡಿಯ ಗಾಜು ಒರೆಸುತ್ತ ನಿಂತರು.

ಮೊದಲ ವಾರವೇ ಮತ್ತೆ ಒಮ್ಮೆ ಆಯಿತು. ಆದರೆ ಸೀಮಾ ಗೋಡೆಗೆ ಒರಗಿ ಕೂರಲಿಲ್ಲ. ನೇರವಾಗಿ ಅಡುಗೆ ಕೋಣೆಗೆ ಬಂದು, ಡಬ್ಬಿ ತಾನೇ ತೆಗೆದು, ಬಟ್ಟೆ ಬದಲಿಸಿ, ಗಣಿತದ ತರಗತಿಗೆ ಮರಳಿದಳು. ಊಟಕ್ಕೆ ಕೂತಾಗ ಯಾರ ಕಾಲ ಬಳಿ ನೋಡಿದರೂ ಕೆಂಪು. ಎರಡು ತಾಸಿಗೊಮ್ಮೆ ಹೋಗಬೇಕೆಂಬ ವೈದ್ಯೆಯ ಮಾತಿಗೆ ದಿಲಶಾದಬಿ ತಮ್ಮದೇ ದಾರಿ ಹುಡುಕಿದರು. ತರಗತಿಯ ಬಾಗಿಲಲ್ಲಿ ನಿಂತು, ಉಪ್ಪು ನೋಡಲು ಒಬ್ಬರನ್ನು ಕಳಿಸಿ ಎನ್ನುತ್ತಾರೆ. ಅಡುಗೆಯ ರುಚಿ ನೋಡುವುದು ಮಕ್ಕಳಿಗೆ ದೊಡ್ಡ ಗೌರವ. ಹೋಗುವ ದಾರಿಯಲ್ಲೇ ಶೌಚಾಲಯ. ಸೀಮಾಳನ್ನೇ ಕರೆದರೆ ಅದೂ ಗುರುತಾಗುತ್ತದೆ ಎಂದು ಈಗ ಅವರಿಗೆ ತಿಳಿದಿದೆ. ಅದಕ್ಕೇ ಸರದಿಯ ಮೇಲೆ ಎಲ್ಲರೂ ಬರುತ್ತಾರೆ, ಅಂಥ ತೊಂದರೆ ಇದ್ದವರ ಸರದಿ ಸ್ವಲ್ಪ ಬೇಗ ಬರುತ್ತದೆ, ಅಷ್ಟೇ. "ನಮ್ಮ ಸಾಲಿ ಸಾರಿಗೆ ಉಪ್ಪು ಹೆಚ್ಚಾತು ಕಡಿಮಿ ಆತು ಅನ್ನೂ ಮಾತ ಇಲ್ರಿ ಈಗ. ದಿನಾ ಅಷ್ಟ ಮಂದಿ ನೋಡ್ತಾರ," ಎಂದು ನಗುತ್ತಾರೆ.

ಔಷಧಿ, ನೀರು, ಬಿಡದೆ ಹೋಗುವ ರೂಢಿ, ಮೂರೂ ಸೇರಿ ಕೆಲಸ ಮಾಡಿದವು. ಚಳಿಗಾಲದಲ್ಲಿ ವಾರಕ್ಕೊಮ್ಮೆಗೆ ಇಳಿಯಿತು, ಯುಗಾದಿಯ ಹೊತ್ತಿಗೆ ತಿಂಗಳಿಗೊಮ್ಮೆ. ಏಳನೆಯ ಇಯತ್ತೆಯ ಪರೀಕ್ಷೆಯನ್ನು ಸೀಮಾ ಪೂರ್ತಿ ಬರೆದಳು, ನಡುವೆ ಒಮ್ಮೆ ಎದ್ದು ಮಾಸ್ತರರ ಅನುಮತಿ ಕೇಳಿ ಹೊರಗೆ ಹೋಗಿ ಬಂದಳು. ಕಿರುಬೆರಳು ಎತ್ತಲಿಲ್ಲ. ಹೋಗಿ ಬರ್ತೀನ್ರಿ ಸರ್ ಎಂದಳು.

ಈ ಜೂನ್ ತಿಂಗಳಲ್ಲಿ ಅವಳನ್ನು ಎಂಟನೆಯ ಇಯತ್ತೆಗೆ ಹೈಸ್ಕೂಲಿಗೆ ಹಚ್ಚಬೇಕಾಯಿತು. ಪೂರ್ತಿ ವಾಸಿಯಾಗಿಲ್ಲ, ಹೊಸ ಶಾಲೆಯಲ್ಲಿ ಮತ್ತೆ ತಡೆಹಿಡಿದರೆ ಆದದ್ದೆಲ್ಲ ಹಿಂದಕ್ಕೆ ಹೋಗಬಹುದು ಎಂದು ವೈದ್ಯೆ ಎಚ್ಚರಿಸಿದ್ದರು. ಹೈಸ್ಕೂಲಿನಲ್ಲಿ ದಿಲಶಾದಬಿ ಇರುವುದಿಲ್ಲ. ಸೀಮಾ ತನ್ನ ಪುಸ್ತಕದ ಚೀಲದಲ್ಲಿ ಒಂದು ಜೊತೆ ಒಣ ಬಟ್ಟೆಯನ್ನು ತಾನೇ ಇಟ್ಟುಕೊಳ್ಳಲು ಕಲಿತಿದ್ದಳು. ಮಿಕ್ಕದ್ದನ್ನು ನೋಡಬೇಕಾದವರು ದೊಡ್ಡವರು.

ಒಂದು ಬೆಳಗ್ಗೆ ಗವಿಸಿದ್ದಪ್ಪ ಮಗಳನ್ನು ಕೂರಿಸಿಕೊಂಡು ಟಂಟಂ ತಂದು ದಿಲಶಾದಬಿಯ ಮನೆಯ ಮುಂದೆ ನಿಲ್ಲಿಸಿದರು. ಎರಡು ಹೈಸ್ಕೂಲು ನೋಡಿಟ್ಟಿದ್ದೇನೆ, ಬನ್ನಿ ಎಂದರು. ಮೊದಲನೆಯ ಶಾಲೆಯ ಕಚೇರಿಯಲ್ಲಿ ಅಲ್ಲಿನ ಹಿರಿಯ ಶಿಕ್ಷಕರು ಹತ್ತನೆಯ ತರಗತಿಯ ಫಲಿತಾಂಶ ಹೇಳತೊಡಗಿದರು. ಅದಿರಲಿ, ಹೆಣ್ಣುಮಕ್ಕಳ ಸಂಡಾಸ ಎಲ್ಲಿದೆ ತೋರಿಸಿ ಎಂದರು ಗವಿಸಿದ್ದಪ್ಪ. ಶಿಕ್ಷಕರು ಒಂದು ಕ್ಷಣ ಬೆಚ್ಚಿ, ಸಿಪಾಯಿಯನ್ನು ಜೊತೆಗೆ ಕಳಿಸಿದರು. ದಿಲಶಾದಬಿ ಒಳಗೆ ಹೋಗಿ ಬಂದರು. ಬಾಗಿಲಿಗೆ ಚಿಲಕವಿರಲಿಲ್ಲ, ಒಳಗಿನಿಂದ ಒತ್ತಿ ಇಡಲು ಒಂದು ಕಲ್ಲು ಇತ್ತು. ಇಲ್ಲಿ ಬೇಡ, ನಡೆಯಿರಿ ಎಂದರು.

ಎರಡನೆಯ ಶಾಲೆಯಲ್ಲಿ ಒಳಗೆ ಹೋದ ದಿಲಶಾದಬಿ ಬಹಳ ಹೊತ್ತು ಹೊರಗೆ ಬರಲಿಲ್ಲ. ಚಿಲಕ ಹಾಕಿ ತೆಗೆಯುವ ಸದ್ದು ಕೇಳಿತು, ನಳದಲ್ಲಿ ನೀರು ಬಿದ್ದ ಸದ್ದು ಕೇಳಿತು. ಆಮೇಲೆ ತರಗತಿಯಿಂದ ಅಲ್ಲಿಗೆ ಎಷ್ಟು ದೂರ ಎಂದು ನಡೆದು ನೋಡಿದರು. ಅಲ್ಲಿದ್ದ ಒಬ್ಬ ಹುಡುಗಿಯನ್ನು ನಿಲ್ಲಿಸಿ, ಪಾಠ ನಡೆದಾಗ ಕೇಳಿದರೆ ಬಿಡುತ್ತಾರಾ ಎಂದು ವಿಚಾರಿಸಿದರು. ಬಿಡುತ್ತಾರೆ ಎಂದಳು ಅವಳು. ಸೀಮಾ ತಾನೂ ಒಮ್ಮೆ ಒಳಗೆ ಹೋಗಿ ಬಂದು ತಲೆಯಾಡಿಸಿದಳು. ದಿಲಶಾದಬಿ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಕಚೇರಿಗೆ ಬಂದಾಗ, ಪ್ರವೇಶದ ಅರ್ಜಿ ಮೇಜಿನ ಮೇಲಿತ್ತು, ಗವಿಸಿದ್ದಪ್ಪನವರ ಕೈಯಲ್ಲಿ ಪೆನ್ನಿತ್ತು, ಅವರು ಬರೆಯದೆ ಕಾಯುತ್ತಿದ್ದರು.

ಆ ದಿನದ ಮಾತು ಬಂದರೆ ದಿಲಶಾದಬಿ ಅಕ್ಕಿ ಆರಿಸುವ ಕೈ ನಿಲ್ಲಿಸುತ್ತಾರೆ. "ನನ್ನ ಮಗಳ ಲಗ್ನದಾಗ ಗಂಡಿನ ಮನಿ ಹೆಂಗೈತಿ ಅಂತ ನನ್ನ ಯಾರೂ ಕೇಳಲಿಲ್ರಿ. ಗಂಡಸರು ನೋಡಿ ಬಂದು ಹೇಳಿದ್ರು, ನಾ ಕೇಳಿದೆ. ಈ ಹುಡುಗೀನ್ನ ಸಾಲಿಗೆ ಹಚ್ಚಾಕ ಮಾತ್ರ, ನಾ ಹೂಂ ಅನ್ನೂ ತನಕ ಅವರಪ್ಪ ಸಹಿ ಮಾಡ್ಲಿಲ್ಲ."